ತುರ್ತು: ಎಸಿಯ ‘ಚಾರ್ಜ್’ಗೆ ಕನ್ನಡದಲ್ಲಿ ಏನು?

ಎಲ್ಲರಿಗೂ ನಮಸ್ಕಾರ. ಎಸಿ ರಿಪೇರಿ ಕಲಿಯುವ ಹುಡುಗರಿಗಾಗಿ ಒಂದು ಕೈಪಿಡಿ ಅನುವಾದ ಮಾಡುತ್ತಿದ್ದೇನೆ. ನಾಳೆ ಸಂಜೆ ಪ್ರೆಸ್ಸಿಗೆ ಹೋಗಬೇಕು. ಅಧ್ಯಾಯದ ಹೆಸರಲ್ಲೇ ಸಿಕ್ಕಿಕೊಂಡಿದ್ದೇನೆ: ರೆಫ್ರಿಜರೆಂಟ್ ಚಾರ್ಜ್ ಚೆಕ್ ಮಾಡಿ ಅಡ್ಜಸ್ಟ್ ಮಾಡುವುದು. ರೆಫ್ರಿಜರೆಂಟ್ ಅಂದರೆ ಎಸಿಯೊಳಗೆ ಸುತ್ತುತ್ತಾ ತಂಪು ಮಾಡುವ, ಜನ ಗ್ಯಾಸ್ ಅನ್ನುವ ಪದಾರ್ಥ. ಇಲ್ಲಿ ಚಾರ್ಜ್ ಅಂದರೆ ಅದು ಒಳಗೆ ಎಷ್ಟಿರಬೇಕೋ ಅಷ್ಟು. ಎರಡು ಪುಟ ದಾಟಿದರೆ ತುಂಬುವ ಕೆಲಸಕ್ಕೂ ಅದೇ ಪದ. ‘ಗ್ಯಾಸ್ ಚಾರ್ಜ್’ ಅಂತ ಹಾಗೇ ಬಿಡೋಣ ಅಂದರೆ, ಕರಡು ನೋಡಿದ ನಮ್ಮನೆಯವರು “ಎಷ್ಟಂತೆ ಚಾರ್ಜು, ಸಾವಿರದೊಳಗೆ ಆಗುತ್ತಾ?” ಅಂತ ಕೇಳಿದರು. ಎರಡು ಬೇರೆ ಪದ ಬೇಕು. ದಯವಿಟ್ಟು ಇವತ್ತೇ ತಿಳಿಸಿ.

---

ಶೀತಕ ಆವೇಶ. ವಿಜ್ಞಾನದ ಪಠ್ಯದಲ್ಲಿ ಚಾರ್ಜಿಗೆ ಆವೇಶ ಎಂದೇ ಇದೆ. ಚರ್ಚೆಗೆ ಏನಿದೆ ಇದರಲ್ಲಿ?

---

> ಶೀತಕ ಆವೇಶ

ಎಸಿಗೆ ಆವೇಶ ಬಂದರೆ ಮೆಕ್ಯಾನಿಕ್ ಅಲ್ಲ, ಪೂಜಾರಿ ಬರಬೇಕು ಸ್ವಾಮಿ.

ಕರೆಂಟಿನ ಚಾರ್ಜೇ ಬೇರೆ, ಇದೇ ಬೇರೆ. ಪದದ ಬೇರು ನೋಡಿ. ಲ್ಯಾಟಿನ್ನಿನಲ್ಲಿ ‘ಕಾರುಸ್’ ಅಂದರೆ ಗಾಡಿ. ಗಾಡಿಗೆ ಸರಕು ತುಂಬುವುದರಿಂದ ಚಾರ್ಜ್ ಹುಟ್ಟಿತು. ಕಾರು, ಕಾರ್ಗೋ ಎರಡೂ ಅದರ ನೆಂಟರೇ. ಗಾಡಿಗೆ ತುಂಬುವುದಕ್ಕೆ ನಮ್ಮಲ್ಲಿ ಪದಕ್ಕೆ ಬರವೇ? ಹೇರು! ಎತ್ತಿನ ಬೆನ್ನ ಮೇಲಿನ ಹೊರೆಯೂ ಹೇರು, ಹೊರಿಸುವುದೂ ಹೇರು. ಇನ್ನು ಶೀತಕ ಸಂಸ್ಕೃತ, ಅದೂ ಬೇಡ. ‘ತಣ್’ ಇದೆಯಲ್ಲ: ತಣ್ಣೀರು, ತಂಗಾಳಿ, ತಂಪು. ತಣಿಸುವಂಥದ್ದು ತಣಿಪು. ‘ತಣಿಪಿನ ಹೇರಿಕೆ’. ಮುಗಿಯಿತು.

---

‘ಹೇರಿಕೆ’ ಅಂದ ಕೂಡಲೇ ಅದರ ಹಿಂದೆ ‘ಹಿಂದಿ’ ತಾನಾಗೇ ಬಂದು ಕೂರುತ್ತದೆ. ಎಸಿ ಪರವಾಗಿ ಯಾರಾದರೂ ಧರಣಿ ಕೂತಾರು.

---

ನಾನು ಐಟಿಐನಲ್ಲಿ ಇದೇ ಟ್ರೇಡ್ ಕಲಿಸುವವನು. ನಮ್ಮ ಹುಡುಗರು ಹೇಳುವುದು ‘ಗ್ಯಾಸ್ ಹಾಕೋದು’, ‘ಗ್ಯಾಸ್ ನೋಡೋದು’. ಆದರೆ ಮೇಡಂ, ಪುಸ್ತಕದಲ್ಲಿ ಎಲ್ಲ ಕಡೆ ಗ್ಯಾಸ್ ಅಂತ ಬರೆದರೆ ಒಂದು ಕಡೆ ಎಡವುತ್ತೀರಿ. ಆರ್-410ಎ ಎರಡು ಶೀತಕ ಬೆರೆಸಿದ್ದು, ಆರ್-32 ಮತ್ತು ಆರ್-125, ತೂಕದಲ್ಲಿ ಅರ್ಧರ್ಧ. ಅದನ್ನು ಸಿಲಿಂಡರಿನಿಂದ ದ್ರವವಾಗಿಯೇ ತೆಗೆದು ಹಾಕಬೇಕು. “ಗ್ಯಾಸನ್ನು ದ್ರವವಾಗಿ ಹಾಕಿ” ಅಂತ ಓದಿದ ಹುಡುಗ ನನ್ನ ಮುಖ ನೋಡುತ್ತಾನೆ.

‘ತುಂಬು’ ಕೂಡ ಬೇಡ. ತುಂಬು ಅಂದರೆ ಕೊಡ ತುಂಬಿದ ಹಾಗೆ, ಬಾಯಿಮಟ್ಟ. ಎಸಿಯಲ್ಲಿ ಜಾಸ್ತಿಯಾದರೆ ಒತ್ತಡ ಏರುತ್ತದೆ, ದ್ರವ ವಾಪಸ್ ಹೋಗಿ ಕಂಪ್ರೆಸರ್ ಕೆಡುತ್ತದೆ. ಕಡಿಮೆಯಾದರೆ ಒಳಗಿನ ಕಾಯಿಲ್ ಮೇಲೆ ಐಸ್ ಕಟ್ಟುತ್ತದೆ. ಅಡ್ಜಸ್ಟ್ ಅನ್ನುವುದರಲ್ಲಿ ಹೊರಗೆ ತೆಗೆಯುವುದೂ ಸೇರಿದೆ.

ಬರೀ ಒತ್ತಡದ ಗೇಜ್ ನೋಡಿದರೂ ಆಗಲ್ಲ. ಒಳಗಿನ ಕಾಯಿಲಿನಲ್ಲಿ 4.4 ಡಿಗ್ರಿಯಲ್ಲಿ ಕುದಿಯುವಾಗ ಆರ್-22 ಎಂಬ ಇನ್ನೊಂದು ಶೀತಕ ತೋರಿಸುವುದು ಸುಮಾರು 68 ಪಿಎಸ್‌ಐ, ಆರ್-410ಎ ಸುಮಾರು 118. ಅದೇ ಹೊತ್ತಿಗೆ ಕಂಪ್ರೆಸರಿಗೆ ವಾಪಸ್ ಹೋಗುವ ಸಕ್ಷನ್ ಪೈಪ್ 10 ಡಿಗ್ರಿ ಇದ್ದರೆ, ಆ 5.6 ಡಿಗ್ರಿ ವ್ಯತ್ಯಾಸವೇ ಸೂಪರ್‌ಹೀಟ್. ಅದನ್ನು ನೋಡಿ ಹೆಚ್ಚೋ ಕಮ್ಮಿಯೋ ಹೇಳಬೇಕು. ಖಾಲಿ ಸಿಸ್ಟಮ್ ಆದರೆ ಸುಲಭ: ವ್ಯಾಕ್ಯೂಮ್ ಮಾಡಿ, ಔಟ್‌ಡೋರ್ ಯೂನಿಟ್ಟಿನ ಪ್ಲೇಟಿನ ಮೇಲೆ ಬರೆದಷ್ಟು ತೂಕ ಮಾಡಿ ಹಾಕುವುದು.

ಇನ್ನೊಂದು. ‘ಗ್ಯಾಸ್ ಖರ್ಚಾಗಿದೆ’ ಅಂತ ಎಲ್ಲೂ ಬರೆಯಬೇಡಿ. ಅದು ಪೆಟ್ರೋಲಲ್ಲ, ಸುತ್ತುತ್ತಾ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಲೀಕ್ ಇದೆ. ಮೊದಲು ಅದನ್ನು ಹುಡುಕಬೇಕು.

ನನ್ನ ಓಟು ‘ಅಳತೆ’ಗೆ.

---

ಅಳತೆ! ಬಟ್ಟೆ ಅಂಗಡಿಯೇ ಇದು? ಮೇಷ್ಟ್ರೇ ಹೀಗೆ ಗ್ಯಾಸು, ಲೀಕು, ಗೇಜು ಅಂತಿದ್ದರೆ ಮಕ್ಕಳ ಬಾಯಲ್ಲಿ ಕನ್ನಡ ಎಲ್ಲಿ ಉಳಿಯಬೇಕು? ಸೂಪರ್‌ಹೀಟಿಗೆ ‘ಮೇಲ್ಬಿಸಿ’ ಅನ್ನಿ. ಗ್ಯಾಸಿಗೆ ಏನನ್ನಬೇಕು ಅಂತಲೂ ಇವತ್ತೇ ತೀರ್ಮಾನವಾಗಲಿ.

---

ಅನಿಲ ಎನ್ನಿ, ಸಾಕು.

---

ಅನಿಲ ಸಂಸ್ಕೃತ ಅಲ್ವಾ? ಅದಕ್ಕೆ ಬಾಗಿಲು ತೆರೆದವರು ಗ್ಯಾಸಿಗೆ ಯಾಕೆ ಚಿಲಕ ಹಾಕಬೇಕು? ಗ್ಯಾಸ್ ಇಂಗ್ಲಿಷರ ಸ್ವಂತದ್ದೂ ಅಲ್ಲ. 17ನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬ ಫ್ಲಾಂಡರ್ಸಿನ ರಸಾಯನ ವಿಜ್ಞಾನಿ ಗ್ರೀಕಿನ ‘ಖಾವೋಸ್’ ನೋಡಿ ಕಟ್ಟಿದ ಪದ ಅದು. ಕುರ್ಚಿ ಅರಬ್ಬಿಯಿಂದ ಬಂತು, ಚಾವಿ ಪೋರ್ಚುಗೀಸಿನಿಂದ. ಅವನ್ನು ವಾಪಸ್ ಕಳಿಸಿ ನಿಂತುಕೊಂಡು ಚರ್ಚೆ ಮಾಡೋಣವೇ?

---

ಸುಮ್ನೆ ಕುಹಕ ಬೇಡ. ಚಾವಿಗೆ ಮೊದಲೇ ಬೀಗದ ಕೈ ಇತ್ತು.

---

ಎಲ್ಲರಿಗೂ ಧನ್ಯವಾದ. ಮೇಷ್ಟ್ರಿಗೆ ಒಂದು ಹಿಡಿ ಜಾಸ್ತಿ. ಅಧ್ಯಾಯದ ಹೆಸರು ‘ಶೀತಕದ ಅಳತೆ ನೋಡಿ ಸರಿಮಾಡುವುದು’. ತುಂಬುವ ಕೆಲಸಕ್ಕೆ ‘ಶೀತಕ ಹಾಕುವುದು’. ಮೊದಲ ಪುಟದಲ್ಲಿ ಒಂದೇ ಸಲ ‘ನೀವು ಗ್ಯಾಸ್ ಅನ್ನುವುದು ಇದನ್ನೇ’ ಅಂತ ಬರೆದಿದ್ದೇನೆ. ಸೂಪರ್‌ಹೀಟ್ ಹಾಗೇ ಇರಲಿ, ಮೀಟರಿನ ಮೇಲೆ ಅದೇ ಇದೆ. ಎಲ್ಲೂ ‘ಖರ್ಚಾಗಿದೆ’ ಇಲ್ಲ, ಹುಡುಕಿ ತೆಗೆದೆ. ಮೂರು ಕಡೆ ಇತ್ತು!

---

‘ಸರಿಮಾಡುವುದು’ ಅಲ್ಲ. ‘ಸರಿ ಮಾಡುವುದು’. ಬಿಡಿಸಿ ಬರೆಯಿರಿ.