ಬೆಟ್ಟದಲ್ಲಿ ಕಾಡು ಬೆಳೆಸಿದರೆ ಕರೆಂಟು ಹೆಚ್ಚುತ್ತದೆಯೇ?

ಕುತೂಹಲಿ:
ಜಲವಿದ್ಯುತ್ ಯೋಜನೆಗಳ ಮೇಲಿನ ಬೋಳುಗುಡ್ಡಗಳಲ್ಲಿ ಕಾಡು ಮರಳಿ ಬೆಳೆಸಿದರೆ ಹೊಳೆಗೆ ನೀರು ಹೆಚ್ಚಿ, ಉತ್ಪಾದನೆ ಏರುತ್ತದಂತೆ. ಮರವೂ ನೀರು ಕುಡಿಯುತ್ತದಲ್ಲ? ಲೆಕ್ಕ ಕೂಡುತ್ತಿಲ್ಲ. ಬಲ್ಲವರು ಬಿಡಿಸಿ ಹೇಳಿ.

ಟರ್ಬೈನ್ ಮೇಷ್ಟ್ರು:
ನಿಮ್ಮ ಅನುಮಾನ ಸರಿ. ನೀರು ಹೆಚ್ಚುತ್ತದೆ ಅನ್ನೋದು ವೇದಿಕೆ ಮೇಲಿನ ಮಾತು. 1982ರಲ್ಲಿ ಬಾಶ್ ಮತ್ತು ಹ್ಯೂಲೆಟ್ ಎಂಬ ಸಂಶೋಧಕರು 94 ಜಲಾನಯನ (ಒಂದು ಹೊಳೆಗೆ ನೀರು ಹರಿದು ಬರುವ ಪ್ರದೇಶ) ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದಾಗ ಕಂಡದ್ದು ಉಲ್ಟಾ: ಕಾಡು ಕಡಿದರೆ ವರ್ಷದ ಹರಿವು ಸಾಮಾನ್ಯವಾಗಿ ಹೆಚ್ಚುತ್ತದೆ, ಬೆಳೆಸಿದರೆ ತಗ್ಗುತ್ತದೆ. ಸದಾ ಮೋಡ ಮುಸುಕಿರುವ ಎತ್ತರದ ಕಾಡುಗಳ ಕಥೆ ಬೇರೆ. ಅಲ್ಲಿ ಎಲೆ, ಪಾಚಿಗಳು ಮಂಜನ್ನೇ ಹಿಡಿದು ನೆಲಕ್ಕೆ ತೊಟ್ಟಿಕ್ಕಿಸುತ್ತವೆ.

ಟರ್ಬೈನ್ ರಿಪೇರಿಯಲ್ಲೇ ತಲೆ ನೆರೆಸಿಕೊಂಡವನು ನಾನು. ನಮಗೆ ಕಾಡು ಬೇಕಾಗಿದ್ದು ನೀರಿಗಿಂತ ಹೆಚ್ಚಾಗಿ ಹೂಳು ತಡೆಯೋಕೆ. ಮಳೆಗಾಲದ ಕೆಂಪು ನೀರಲ್ಲಿ ಬರುವ ಕ್ವಾರ್ಟ್ಜ್ ಮರಳು ರನ್ನರ್ (ಟರ್ಬೈನಿನಲ್ಲಿ ನೀರು ಬಡಿದು ತಿರುಗುವ ಚಕ್ರ) ಅಂಚನ್ನು ಗೆದ್ದಲು ಹಿಡಿದ ಹಲಗೆ ಥರ ಮಾಡಿಬಿಡುತ್ತೆ. ಹಿಮಾಚಲದ 1500 ಮೆಗಾವಾಟಿನ ನಾಥ್ಪಾ ಝಾಕ್ರಿಯಲ್ಲಿ ಹೂಳು 5000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 5000 ಪಾಲು) ದಾಟಿದರೆ ಯಂತ್ರ ನಿಲ್ಲಿಸುತ್ತಾರೆ, ಅದೂ ನೀರು ತುಂಬಿ ಹರಿಯುವ ಹೊತ್ತಲ್ಲೇ! (ಅಲ್ಲಿನ ಹೂಳಿನ ದೊಡ್ಡ ಪಾಲು ಮರವೇ ಬೆಳೆಯದ ಶೀತ ಮರುಭೂಮಿಯದ್ದು, ಅದಕ್ಕೆ ಕಾಡು ಮದ್ದಲ್ಲ.) ಚೀನಾದ ಸಾನ್‌ಮೆನ್‌ಶಿಯಾ ಅಣೆಕಟ್ಟಿನಲ್ಲಿ 1960ರಲ್ಲಿ ನೀರು ನಿಲ್ಲಿಸಿದ ಕೆಲವೇ ವರ್ಷಗಳಲ್ಲಿ ಹೂಳು ಎಷ್ಟು ತುಂಬಿತೆಂದರೆ, ಅದನ್ನು ಹೊರಹಾಕಲು ಕಟ್ಟೆಯನ್ನೇ ಮಾರ್ಪಡಿಸಬೇಕಾಯಿತು.

ಕುತೂಹಲಿ:
ಹಾಗಿದ್ದರೆ ಜಲಾಶಯವಿಲ್ಲದ, ಹರಿವ ನೀರಿನಲ್ಲೇ ಓಡುವ ಘಟಕಗಳಿಗೆ ಏನು ಲಾಭ ಸರ್?

ಟರ್ಬೈನ್ ಮೇಷ್ಟ್ರು:
ಹೂಳು ತಗ್ಗುವ ಲಾಭ ಅವಕ್ಕೂ ಇದೆ. ನೀರು ಕೂಡಿಡಲು ಜಲಾಶಯವಿಲ್ಲದ್ದರಿಂದ ಅವಕ್ಕೆ ಬೇಸಿಗೆಯ ಹರಿವೇ ಮುಖ್ಯ. ದನ ತುಳಿದು ಗಟ್ಟಿಯಾದ ಗುಡ್ಡದಲ್ಲಿ ಮಳೆ ಹಾಗೇ ಜಾರಿ ಹೋಗುತ್ತೆ. ಕಾಡು ಬಂದರೆ ನೆಲ ನೀರು ಇಂಗಿಸುತ್ತೆ. ಇಂಗಿದ್ದು ಮರ ಕುಡಿದದ್ದಕ್ಕಿಂತ ಹೆಚ್ಚಿದ್ದರೆ ಬೇಸಿಗೆಗೆ ಮಿಗುತ್ತೆ, ಇಲ್ಲವಾದರೆ ಇಲ್ಲ.

ಹುಲ್ಲುಗಾವಲಿಗೆ ನೀಲಗಿರಿ, ಪೈನ್ ತುರುಕಿದರಂತೂ ತೊರೆ ಸೊರಗೋದು ಖಂಡಿತ. ದಕ್ಷಿಣ ಆಫ್ರಿಕಾದ 1998ರ ಜಲ ಕಾಯ್ದೆಯಲ್ಲಿ ವಾಣಿಜ್ಯ ನೆಡುತೋಪನ್ನು ಹೊಳೆಯ ಹರಿವು ತಗ್ಗಿಸುವ ಚಟುವಟಿಕೆ ಅಂತಲೇ ಗುರುತಿಸಿದ್ದಾರೆ.

ಬೆಟ್ಟದಾಚೆ:
ದುಡ್ಡು ಯಾರು ಕೊಡಬೇಕು? ಕೋಸ್ಟರಿಕಾದಲ್ಲಿ 1996ರ ಅರಣ್ಯ ಕಾಯ್ದೆಯ ನಂತರ ಕೆಲವು ಜಲವಿದ್ಯುತ್ ಕಂಪನಿಗಳೇ ಮೇಲ್ಭಾಗದ ಜಮೀನಿನವರ ಕಾಡಿಗೆ ಹಣ ಕೊಟ್ಟವು.

ಟರ್ಬೈನ್ ಮೇಷ್ಟ್ರು:
ಕೊಡಲಿ. ಆದರೆ ಮೊದಲು ಹೂಳು ಯಾವ ಹಳ್ಳದಿಂದ ಬರ್ತಿದೆ ಅಂತ ಅಳೆದು ನೋಡಲಿ. ಎಷ್ಟೋ ಕಡೆ ಅದು ಹೊಸ ರಸ್ತೆಗೆ ಕಡಿದ ದರೆಯಿಂದ ಬಂದಿರುತ್ತೆ. ಅದನ್ನು ಹಾಗೇ ಬಿಟ್ಟು ದೂರದ ಗುಡ್ಡದಲ್ಲಿ ಸಸಿ ನೆಟ್ಟರೆ ನಮ್ಮ ರನ್ನರ್‌ಗೇನೂ ಉಪಯೋಗವಿಲ್ಲ.