ಅಣ್ಣನಿಗೆ ಆಟಿಸಂ ಇದೆ, ತಂಗಿಗೆ ದಡಾರದ ಲಸಿಕೆ ಹಾಕಿಸಬಹುದೇ?

ಪ್ರಶ್ನೆ (ಒಬ್ಬ ತಾಯಿ, ಹಾಸನ):

ನಮಸ್ತೆ ಡಾಕ್ಟರ್. ನನಗೆ ಇಬ್ಬರು ಮಕ್ಕಳು. ದೊಡ್ಡವನಿಗೆ ನಾಲ್ಕೂವರೆ ವರ್ಷ. ಮೂರು ವರ್ಷ ಇದ್ದಾಗ ಆಟಿಸಂ ಅಂತ ಗೊತ್ತಾಯಿತು. ಒಂದೂವರೆ ವರ್ಷಕ್ಕೆ ಎರಡನೇ ಎಂಆರ್ (ದಡಾರ-ರುಬೆಲ್ಲಾ) ಇಂಜೆಕ್ಷನ್ ಹಾಕಿಸಿದ್ದೆವು. ಅದಾಗಿ ಒಂದು ತಿಂಗಳಿಗೆ ಅವನು ಹೇಳುತ್ತಿದ್ದ 'ಅಮ್ಮ', 'ತಾತ', 'ಬಾ' ಎಲ್ಲ ನಿಂತುಹೋಯಿತು. ಈಗ ಚಿಕ್ಕವಳಿಗೆ 9 ತಿಂಗಳು ತುಂಬಿದೆ. ಬರುವ ಗುರುವಾರ ಅಂಗನವಾಡಿಗೆ ಕರೆದುಕೊಂಡು ಬನ್ನಿ ಎಂದು ಆಶಾ ಅಕ್ಕ ಹೇಳಿಹೋಗಿದ್ದಾರೆ. ನಮ್ಮ ಅತ್ತೆ ಮಾತ್ರ, "ಒಬ್ಬನಿಗೆ ಆಗಿದ್ದು ಸಾಲದಾ, ಇವಳಿಗೂ ಚುಚ್ಚಿಸ್ತೀಯಾ?" ಎಂದು ಅಳುತ್ತಾರೆ. ಲಂಡನ್ನಿನ ಒಬ್ಬ ಡಾಕ್ಟರು ಈ ಲಸಿಕೆಯಿಂದಲೇ ಆಟಿಸಂ ಬರುತ್ತದೆ ಎಂದು ಕಂಡುಹಿಡಿದಿದ್ದರಂತೆ, ಅವರ ಬಾಯಿ ಮುಚ್ಚಿಸಿದರಂತೆ. ಆ ವಿಡಿಯೋ ಮನೆಯವರೆಲ್ಲರ ಫೋನಿನಲ್ಲಿದೆ. ನಾನೇನು ಮಾಡಲಿ?

ಉತ್ತರ (ಮಕ್ಕಳ ವೈದ್ಯರು):

ಹಾಕಿಸಿ ಅಮ್ಮ. ಗುರುವಾರವೇ ಹಾಕಿಸಿ. ಮುಂದಕ್ಕೆ ಹಾಕಬೇಡಿ.

ನಿಮ್ಮ ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಇದೆ ಅಂತ ನನಗೆ ಅನ್ನಿಸುತ್ತದೆ. 'ಮಗನಿಗೆ ಹೀಗಾಗಿದ್ದು ನಾನು ಹಾಕಿಸಿದ ಇಂಜೆಕ್ಷನ್ನಿನಿಂದಲಾ?' ಅಲ್ಲ. ನೀವು ಅವನಿಗೆ ಏನೂ ಕೆಟ್ಟದ್ದು ಮಾಡಿಲ್ಲ. ಇದನ್ನು ನಿಮ್ಮ ಅತ್ತೆಯವರಿಗೂ ಓದಿ ಹೇಳಿ.

ನೀವು ಕಂಡದ್ದು ಸುಳ್ಳಲ್ಲ. ಬಂದ ಮಾತು ಹೋಗುವುದು ಆಟಿಸಂ ಇರುವ ಎಷ್ಟೋ ಮಕ್ಕಳಲ್ಲಿ ಆಗುತ್ತದೆ. ಸಾಮಾನ್ಯವಾಗಿ ಒಂದೂಕಾಲು ವರ್ಷದಿಂದ ಎರಡು ವರ್ಷದ ಒಳಗೆ. ಎಂಆರ್ ಎರಡನೇ ಡೋಸ್ ಕೊಡುವುದೂ 16ರಿಂದ 24 ತಿಂಗಳಲ್ಲಿ. ಎರಡೂ ಒಂದೇ ಕಾಲಕ್ಕೆ ಬೀಳುತ್ತವೆ. ಮಾತು ನಿಂತ ಮೇಲೆ ಹಿಂದೆ ತಿರುಗಿ ನೋಡುವ ಯಾವ ತಾಯಿಗಾದರೂ ಮೊದಲು ನೆನಪಾಗುವುದು ಆ ಇಂಜೆಕ್ಷನ್ನೇ. ಆದರೆ ಆಟಿಸಂ ಶುರುವಾಗುವುದು ಅದಕ್ಕೂ ಬಹಳ ಮೊದಲು. 1994ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಮಕ್ಕಳ ಮೊದಲ ಹುಟ್ಟುಹಬ್ಬದ ವಿಡಿಯೋಗಳನ್ನು ಕೂತು ನೋಡಿದರು. ಮುಂದೆ ಆಟಿಸಂ ಗೊತ್ತಾದ ಮಕ್ಕಳು ಆ ದಿನವೇ ಹೆಸರು ಕರೆದರೆ ತಿರುಗುವುದು ಕಡಿಮೆ, ಬೆರಳು ಮಾಡಿ ತೋರಿಸುವುದು ಕಡಿಮೆ, ಮುಖ ನೋಡುವುದು ಕಡಿಮೆ. ಕೇಕ್ ಕತ್ತರಿಸುವ ಗಲಾಟೆಯಲ್ಲಿ ಮನೆಯವರಿಗೆ ಇದು ಕಾಣುವುದಿಲ್ಲ, ಕಾಣಬೇಕಿತ್ತು ಅಂತಲೂ ನಾನು ಹೇಳುತ್ತಿಲ್ಲ. ಇದರಲ್ಲಿ ವಂಶವಾಹಿಗಳ ಪಾಲೇ ದೊಡ್ಡದು.

ಈಗ ಆ ಲಂಡನ್ ಡಾಕ್ಟರ ವಿಷಯ. ಹೆಸರು ಆಂಡ್ರ್ಯೂ ವೇಕ್‌ಫೀಲ್ಡ್. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿದ್ದವರು. 1998ರ ಫೆಬ್ರವರಿಯಲ್ಲಿ 'ದ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅವರ ಲೇಖನ ಬಂತು. ಅದರಲ್ಲಿ ಇದ್ದದ್ದು ಬರೀ 12 ಮಕ್ಕಳು. ನಮ್ಮ ಎಂಆರ್‌ನಲ್ಲಿರುವ ದಡಾರ, ರುಬೆಲ್ಲಾ ಜೊತೆಗೆ ಮಂಗನಬಾವಿಗೂ ಸೇರಿಸಿ ಕೊಡುವ ಎಂಎಂಆರ್ ಲಸಿಕೆಯ ಮೇಲೆ ಅನುಮಾನ ಎತ್ತಿದರು. ಬ್ರಿಯಾನ್ ಡೀರ್ ಎಂಬ ಪತ್ರಕರ್ತರು ಬೆನ್ನುಹತ್ತಿದಾಗ ಒಳಗಿನದೆಲ್ಲ ಹೊರಬಂತು. ಲಸಿಕೆ ಕಂಪನಿಗಳ ಮೇಲೆ ಕೇಸು ಹಾಕಲು ಹೊರಟಿದ್ದ ವಕೀಲರಿಂದ ವೇಕ್‌ಫೀಲ್ಡ್‌ಗೆ 4 ಲಕ್ಷ ಪೌಂಡಿಗೂ ಜಾಸ್ತಿ ಹಣ ಸಂದಿತ್ತು. ಲೇಖನದಲ್ಲಿ ಅದರ ಸುದ್ದಿಯೇ ಇಲ್ಲ. ತನ್ನ ಮಗನ ಹುಟ್ಟುಹಬ್ಬಕ್ಕೆ ಬಂದ ಮಕ್ಕಳ ಕೈಗೆ 5 ಪೌಂಡ್ ಕೊಟ್ಟು ರಕ್ತ ತೆಗೆಸಿದ್ದರು. ಮಕ್ಕಳ ಡಾಕ್ಟರಾಗಿ ಇದನ್ನು ಬರೆಯುವಾಗಲೇ ನನಗೆ ಸಂಕಟವಾಗುತ್ತದೆ.

ಅವರ ಬಾಯಿ ಯಾರೂ ಮುಚ್ಚಿಸಲಿಲ್ಲ. ಬ್ರಿಟನ್ನಿನ ವೈದ್ಯಕೀಯ ಮಂಡಳಿ 2007ರಿಂದ 2010ರವರೆಗೆ ಅವರ ವಾದವನ್ನೂ ಕೇಳಿಯೇ ವಿಚಾರಣೆ ಮಾಡಿತು. ಲೇಖನಕ್ಕೆ ಅವರ ಜೊತೆ ಸಹಿ ಹಾಕಿದ್ದ 12 ಜನರಲ್ಲಿ 10 ಜನ, 'ಲಸಿಕೆಗೂ ಇದಕ್ಕೂ ನಂಟಿದೆ ಎಂಬ ಅರ್ಥ ನಮಗೆ ಬೇಡ' ಎಂದು 2004ರಲ್ಲೇ ಹಿಂದೆ ಸರಿದಿದ್ದರು. 2010ರ ಫೆಬ್ರವರಿಯಲ್ಲಿ ಲ್ಯಾನ್ಸೆಟ್ ಲೇಖನವನ್ನೇ ಹಿಂತೆಗೆದುಕೊಂಡಿತು. ಮೇ ತಿಂಗಳಲ್ಲಿ ಅವರ ಹೆಸರು ವೈದ್ಯರ ಪಟ್ಟಿಯಿಂದ ಹೋಯಿತು.

ಇದರ ಸಾಲ ತೀರಿಸಿದವರು ಮಕ್ಕಳು. ಇಂಗ್ಲೆಂಡಿನಲ್ಲಿ ಎಂಎಂಆರ್ ಹಾಕಿಸಿಕೊಳ್ಳುವವರು ನೂರಕ್ಕೆ 92ರಿಂದ 80ಕ್ಕೆ ಇಳಿದರು. 2012-13ರಲ್ಲಿ ವೇಲ್ಸ್‌ನ ಸ್ವಾನ್ಸೀ ಸುತ್ತಮುತ್ತ 1,200ಕ್ಕೂ ಹೆಚ್ಚು ಜನರಿಗೆ ದಡಾರ ಬಂತು. ಅವರಲ್ಲಿ ಬಹಳಷ್ಟು ಮಂದಿ ಆ ಭಯದ ವರ್ಷಗಳಲ್ಲಿ ಲಸಿಕೆ ತಪ್ಪಿಸಿಕೊಂಡು ಬೆಳೆದ ಹುಡುಗ ಹುಡುಗಿಯರು.

12 ಮಕ್ಕಳ ಲೇಖನ ಬಂದ ಮೇಲೆ ಲಕ್ಷಾಂತರ ಮಕ್ಕಳನ್ನು ನೋಡಿದ ಅಧ್ಯಯನಗಳು ಬಂದಿವೆ. ಡೆನ್ಮಾರ್ಕಿನಲ್ಲಿ 1999ರಿಂದ 2010ರವರೆಗೆ ಹುಟ್ಟಿದ 6,57,461 ಮಕ್ಕಳ ದಾಖಲೆ ತೆಗೆದು ನೋಡಿದರು. ಲಸಿಕೆ ಹಾಕಿಸಿಕೊಂಡವರಲ್ಲಿ ಆಟಿಸಂ ಹೆಚ್ಚಿರಲಿಲ್ಲ. ಜಪಾನ್ ಬೇರೆ ಕಾರಣಕ್ಕೆ 1993ರಲ್ಲಿ ಎಂಎಂಆರ್ ಕೊಡುವುದನ್ನೇ ನಿಲ್ಲಿಸಿತು. ಯೊಕೊಹಾಮಾದಲ್ಲಿ ಆಮೇಲೆ ಹುಟ್ಟಿದ ಮಕ್ಕಳನ್ನು ಎಣಿಸಿದಾಗ ಆಟಿಸಂ ಏರುತ್ತಲೇ ಇತ್ತು.

ನಿಮ್ಮಂಥ ಮನೆಗಳ ಬಗ್ಗೆಯೇ ಒಂದು ಅಧ್ಯಯನ ಇದೆ. 2015ರಲ್ಲಿ ಅಮೆರಿಕದಲ್ಲಿ ಅಣ್ಣನೋ ಅಕ್ಕನೋ ಇರುವ 95,727 ಮಕ್ಕಳನ್ನು ನೋಡಿದರು. ಅವರಲ್ಲಿ 1,929 ಮಕ್ಕಳ ಅಣ್ಣ ಅಥವಾ ಅಕ್ಕನಿಗೆ ಆಟಿಸಂ ಇತ್ತು. ಆ ಮನೆಗಳಲ್ಲಿ ಚಿಕ್ಕ ಮಕ್ಕಳಿಗೆ ಎಂಎಂಆರ್ ಹಾಕಿಸಿದ್ದು ಕಡಿಮೆ. ನಿಮ್ಮ ಮನೆಯಲ್ಲಿರುವ ಭಯವೇ ಅಲ್ಲೂ ಇತ್ತು, ಅಲ್ವಾ? ಆದರೆ ಹಾಕಿಸಿದ ಮಕ್ಕಳಿಗೂ ಹಾಕಿಸದ ಮಕ್ಕಳಿಗೂ ಆಟಿಸಂ ವಿಷಯದಲ್ಲಿ ವ್ಯತ್ಯಾಸ ಸಿಗಲಿಲ್ಲ.

ಒಂದು ಮಾತು ಮುಚ್ಚಿಡುವುದಿಲ್ಲ. ಒಬ್ಬರಿಗೆ ಆಟಿಸಂ ಇದ್ದರೆ ಆಮೇಲೆ ಹುಟ್ಟಿದವರಿಗೆ ಬರುವ ಸಾಧ್ಯತೆ ಜಾಸ್ತಿ. ಸುಮಾರು ಐದರಲ್ಲಿ ಒಂದು. ಲಸಿಕೆ ಬಿಟ್ಟರೆ ಅದು ಕಡಿಮೆ ಆಗುವುದಿಲ್ಲ. ಹಾಗಾಗಿ ಮಗಳನ್ನು ಬೇರೆ ರೀತಿಯಲ್ಲಿ ಗಮನಿಸಿ. ಹೆಸರು ಕರೆದರೆ ತಿರುಗುತ್ತಾಳಾ, ನಿಮ್ಮ ಕಣ್ಣು ನೋಡಿ ನಗುತ್ತಾಳಾ, ವರ್ಷದ ಹೊತ್ತಿಗೆ ಟಾಟಾ ಮಾಡುತ್ತಾಳಾ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾಳಾ. ಅನುಮಾನ ಬಂದರೆ ಮೂರು ವರ್ಷದವರೆಗೆ ಕಾಯಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಹಾಸನದಿಂದ ಎರಡೂ ದೂರವಲ್ಲ.

ಒಬ್ಬ ತಂದೆ (ಡಾಲಸ್, ಅಮೆರಿಕ):

ಸರ್, ನಮ್ಮ ಕಡೆ 2025ರ ನವೆಂಬರಿನಲ್ಲಿ ಸಿಡಿಸಿ (ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ) ವೆಬ್‌ಸೈಟಿನಲ್ಲೇ ಮಾತು ಬದಲಾಯಿತು. 'ಲಸಿಕೆಯಿಂದ ಆಟಿಸಂ ಬರುವುದಿಲ್ಲ ಎನ್ನಲು ಆಧಾರವಿಲ್ಲ' ಎಂಬ ಅರ್ಥದಲ್ಲಿ ಬರೆದಿದ್ದಾರೆ. ಸರ್ಕಾರವೇ ಹೀಗೆ ಹೇಳಿದರೆ ನಾವು ಯಾರನ್ನು ನಂಬುವುದು? ಲಸಿಕೆಯಲ್ಲಿ ಪಾದರಸ ಇದೆ ಅಂತಲೂ ಹೇಳುತ್ತಾರೆ.

ಉತ್ತರ:

ನಿಮ್ಮ ಗೊಂದಲ ಅರ್ಥವಾಗುತ್ತದೆ. ಆ ಪುಟದ ಮಾತು ಬದಲಾದದ್ದು ಹೊಸ ಅಧ್ಯಯನ ಬಂದದ್ದರಿಂದ ಅಲ್ಲ. ಹಳೆಯ ಅಧ್ಯಯನಗಳು ಇದ್ದ ಹಾಗೇ ಇವೆ. ನಿಮ್ಮಲ್ಲಿಯ ಮಕ್ಕಳ ವೈದ್ಯರ ಸಂಘವೂ ಆ ಬದಲಾವಣೆಯನ್ನು ಒಪ್ಪಿಲ್ಲ. ಆಡಳಿತ ಬದಲಾದಾಗ ಬರಹ ಬದಲಾಗಬಹುದು. ಡೆನ್ಮಾರ್ಕಿನ ಆರೂವರೆ ಲಕ್ಷ ಮಕ್ಕಳ ದಾಖಲೆ ಬದಲಾಗುವುದಿಲ್ಲ. ನಿಮ್ಮದೇ ರಾಜ್ಯದ ಪಶ್ಚಿಮ ಭಾಗದಲ್ಲಿ 2025ರಲ್ಲಿ 762 ಜನರಿಗೆ ದಡಾರ ಬಂದು ಎರಡು ಮಕ್ಕಳು ತೀರಿಕೊಂಡವು. ಎರಡಕ್ಕೂ ಲಸಿಕೆ ಆಗಿರಲಿಲ್ಲ.

ಪಾದರಸ ಎನ್ನುವುದು ಥಿಯೋಮರ್ಸಾಲ್ ಎಂಬ, ಪಾದರಸದ ಅಂಶವಿರುವ ಸಂರಕ್ಷಕದ (ಲಸಿಕೆ ಕೆಡದಂತೆ ಹಾಕುವ ವಸ್ತು) ವಿಷಯ. ಎಂಆರ್‌ನಲ್ಲಾಗಲಿ ಎಂಎಂಆರ್‌ನಲ್ಲಾಗಲಿ ಅದು ಇಲ್ಲ. ಇವು ದುರ್ಬಲಗೊಳಿಸಿದ ಜೀವಂತ ವೈರಸ್ಸಿನ ಲಸಿಕೆಗಳು. ಸಂರಕ್ಷಕ ಹಾಕಿದರೆ ವೈರಸ್ಸೇ ಸತ್ತುಹೋಗುತ್ತದೆ. ಒಂದೇ ಬಾಟಲಿಯಿಂದ ಹಲವು ಮಕ್ಕಳಿಗೆ ಕೊಡುವ ಬೇರೆ ಕೆಲವು ಲಸಿಕೆಗಳಲ್ಲಿ ತೀರ ಸ್ವಲ್ಪ ಇರುತ್ತದೆ. ಅಮೆರಿಕದಲ್ಲಿ ಮಕ್ಕಳ ಸಾಮಾನ್ಯ ಲಸಿಕೆಗಳಿಂದ 2001ರ ಹೊತ್ತಿಗೆ ಅದನ್ನು ತೆಗೆದರು. ಆಟಿಸಂ ಎಣಿಕೆ ಇಳಿಯಲಿಲ್ಲ.

ಒಬ್ಬ ಆಶಾ ಕಾರ್ಯಕರ್ತೆ (ತುಮಕೂರು ಜಿಲ್ಲೆ):

ಸಂರಕ್ಷಕ ಇಲ್ಲ ಅನ್ನೋದಕ್ಕೆ ನಾವೇ ಸಾಕ್ಷಿ ಸರ್. ಎಂಆರ್ ಬಾಟಲಿ ಬಿಚ್ಚಿದ ಕೂಡಲೇ ಸಿಸ್ಟರ್ ಅದರ ಮೇಲೆ ಟೈಮ್ ಬರೀತಾರೆ. ಬಿಚ್ಚಿ 4 ಗಂಟೆ ಕಳೆದರೆ ಉಳಿದದ್ದನ್ನು ಯಾರಿಗೂ ಕೊಡೋ ಹಾಗಿಲ್ಲ. 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆಲ್ಲ ಎಂಆರ್ ಹಾಕಿದಾಗ ವಾಟ್ಸ್ಆಪ್ ನೋಡಿ ಎಷ್ಟೋ ಮನೆಯವರು ಆ ದಿನ ಮಕ್ಕಳನ್ನ ಸ್ಕೂಲಿಗೇ ಕಳಿಸಿರಲಿಲ್ಲ. ಒಂದೊಂದು ಮನೆಗೆ ನಾಲ್ಕು ನಾಲ್ಕು ಸಲ ಹೋಗಿದ್ದೀನಿ. ಹಾಸನದ ಅಕ್ಕ, ನಿಮ್ಮ ಅತ್ತೆಯವರನ್ನೂ ಕರ್ಕೊಂಡು ಬನ್ನಿ. ಅಲ್ಲಿಗೇ ಬಂದು ಸಿಸ್ಟರ್ ಹತ್ರ ಕೇಳಲಿ.

ಹಾಸನದ ತಾಯಿ:

ಎಲ್ಲ ಓದಿ ಹೇಳಿದೆ ಡಾಕ್ಟರ್. ಅತ್ತೆ ಸುಮ್ನೆ ಕೇಳಿದರು. ಆಮೇಲೆ ಒಂದೇ ಮಾತು ಕೇಳಿದರು: "ಏನೂ ಆಗಲ್ಲ ಅಂತ ಬರೆದುಕೊಡ್ತಾರಾ?"

ಉತ್ತರ:

ಏನೂ ಆಗುವುದಿಲ್ಲ ಎಂದು ನಾನು ಬರೆದುಕೊಡುವುದಿಲ್ಲ. ಆಗಬಹುದಾದ್ದನ್ನು ಹೇಳುತ್ತೇನೆ. ಇಂಜೆಕ್ಷನ್ ಹಾಕಿ ಒಂದು ವಾರ ಕಳೆದ ಮೇಲೆ ಕೆಲವು ಮಕ್ಕಳಿಗೆ ಜ್ವರ ಬರುತ್ತದೆ, ಮೈಮೇಲೆ ಸಣ್ಣ ಗುಳ್ಳೆ ಏಳಬಹುದು. ಮೂರು ನಾಲ್ಕು ಸಾವಿರದಲ್ಲಿ ಒಂದು ಮಗುವಿಗೆ ಜ್ವರದ ಫಿಟ್ಸ್ ಬರಬಹುದು. ನೋಡಲು ಭಯವಾಗುತ್ತದೆ, ಆದರೆ ಹೆಚ್ಚಿನ ಮಕ್ಕಳಿಗೆ ಅದರಿಂದ ಮುಂದೆ ತೊಂದರೆ ಇಲ್ಲ. ತೀವ್ರ ಅಲರ್ಜಿ ತೀರ ಅಪರೂಪ, ಸುಮಾರು ಹತ್ತು ಲಕ್ಷಕ್ಕೆ ಒಂದು. ಅದಕ್ಕೇ ಅರ್ಧ ಗಂಟೆ ಅಲ್ಲೇ ಕೂರಿಸುತ್ತಾರೆ. ಅವಸರ ಮಾಡಿ ಎದ್ದುಬರಬೇಡಿ.

ಅತ್ತೆಯವರ ಕಾಲದಲ್ಲಿ ದಡಾರಕ್ಕೆ ಗೊಬ್ಬರ ಎನ್ನುತ್ತಿದ್ದರು. ಊರಿನಲ್ಲಿ ಎಷ್ಟು ಮಕ್ಕಳು ಅದರಿಂದ ಹೋದರು ಎಂದು ಅವರನ್ನೇ ಕೇಳಿ. ದಡಾರ ಬಂದ ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಮಿದುಳಿನ ಉರಿಯೂತ ಆಗುತ್ತದೆ. ಕೆಲವರಿಗೆ ಹಲವು ವರ್ಷ ಚೆನ್ನಾಗಿದ್ದು ಆಮೇಲೆ ಮಿದುಳು ಕೆಡುತ್ತಾ ಹೋಗುವ ಎಸ್‌ಎಸ್‌ಪಿಇ ಎಂಬ ಕಾಯಿಲೆ ಬರುತ್ತದೆ. ಅದನ್ನು ವಾಸಿಮಾಡುವ ಮದ್ದು ಇನ್ನೂ ಇಲ್ಲ.

ಎಂಆರ್‌ನಲ್ಲಿ 'ಆರ್' ಎಂದರೆ ರುಬೆಲ್ಲಾ. ಬಸುರಿಗೆ ರುಬೆಲ್ಲಾ ಬಂದರೆ ಹೊಟ್ಟೆಯಲ್ಲಿರುವ ಮಗುವಿಗೆ ಕಣ್ಣು, ಕಿವಿ, ಹೃದಯ ಕೆಡಬಹುದು. ಅಂಥ ಮಕ್ಕಳಲ್ಲಿ ಆಟಿಸಂ ಕೂಡ ಹೆಚ್ಚು ಎಂದು 1971ರಲ್ಲೇ ಕಂಡುಬಂದಿತ್ತು. ಆಟಿಸಂ ತರುತ್ತದೆ ಎಂದು ಹೆದರುವ ಈ ಲಸಿಕೆಯೇ ಆಟಿಸಂನ ಒಂದು ಕಾರಣವನ್ನು ತಡೆಯುತ್ತದೆ ಅಮ್ಮ.

ಹಾಸನದ ತಾಯಿ (ಹನ್ನೆರಡು ದಿನ ಬಿಟ್ಟು):

ಗುರುವಾರ ಹಾಕಿಸಿದೆವು. ಅತ್ತೆಯೇ ತೊಡೆ ಮೇಲೆ ಕೂರಿಸಿಕೊಂಡಿದ್ದರು. ವಿಟಮಿನ್ ಎ ಹನಿಯನ್ನೂ ಹಾಕಿದರು. ನಿನ್ನೆಯಿಂದ ಮೈ ಬೆಚ್ಚಗಿದೆ, ಜ್ವರ 100 ಇದೆ. ಹಾಲು ಕುಡಿಯುತ್ತಿದ್ದಾಳೆ, ಆಡುತ್ತಿದ್ದಾಳೆ.

ಉತ್ತರ:

ಆಡುತ್ತಿದ್ದರೆ ಒಳ್ಳೆಯದು. ಜ್ವರ ಏರಿ ಮಗು ಸಪ್ಪಗಾದರೆ ಪ್ಯಾರಾಸಿಟಮಾಲ್ ಹನಿ ಕೊಡಿ. ಎಷ್ಟು ಎಂಬುದನ್ನು ಅವಳ ತೂಕ ಹೇಳಿ ಸಿಸ್ಟರ್ ಹತ್ತಿರ ಕೇಳಿಕೊಳ್ಳಿ, ಅಂದಾಜಿನಲ್ಲಿ ಕೊಡಬೇಡಿ. ಎದೆಹಾಲು ಎಷ್ಟು ಸಲ ಕೇಳಿದರೂ ಕೊಡಿ. ಎರಡು ದಿನಕ್ಕೆ ಇಳಿಯದಿದ್ದರೆ, ಹಾಲು ಬಿಟ್ಟರೆ, ಫಿಟ್ಸ್ ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಎರಡನೇ ಡೋಸ್ 16 ತಿಂಗಳು ತುಂಬಿದ ಮೇಲೆ. ತಾಯಿ ಕಾರ್ಡ್‌ನಲ್ಲಿ ಆ ತಾರೀಖು ಈಗಲೇ ಬರೆಸಿಕೊಳ್ಳಿ. ಮಗನ ಸ್ಪೀಚ್ ಥೆರಪಿ ಹೇಗೆ ನಡೆಯುತ್ತಿದೆ?