ಗಂಡ ರಜೆಗೆ ಬರುವ ಮೊದಲೇ ಫೋಲಿಕ್ ಆಸಿಡ್ ಶುರು ಮಾಡಬೇಕಾ? ಅನುಭವ ಇದ್ದವರು ಹೇಳಿ

ಉಪ್ಪಳದವಳು:
ನನಗೆ 29. ಗಂಡ ದುಬೈಯಲ್ಲಿ, ಇನ್ನು ಎರಡು ತಿಂಗಳು ಕಳೆದು ಬರ್ತಾರೆ, 40 ದಿನ ಇರ್ತಾರೆ. ಈ ಸಲ ಮಗು ಬೇಕು ಅಂತ ಇದ್ದೇವೆ. ಮೆಡಿಕಲ್‌ನಲ್ಲಿ ಕೇಳಿದ್ದಕ್ಕೆ 5 ಮಿಲಿಗ್ರಾಂ ಕೊಟ್ರು. ಆಶಾ ಕಾರ್ಯಕರ್ತೆ ಅಕ್ಕ 400 ಮೈಕ್ರೋಗ್ರಾಂ ಸಾಕು ಅಂದ್ರು. ಅತ್ತೆ, ಬಸುರಿ ಆಗದೆ ಮಾತ್ರೆ ಎಂತಕ್ಕೆ ಅಂತಾರೆ. ಯಾವುದು ತೆಗೊಳ್ಳಲಿ?

ಪೆರ್ಲದ ಅಮ್ಮ:
ನನ್ನದು 2020. ಮುಟ್ಟು ಹದಿನೈದು ದಿನ ತಪ್ಪಿದ ಮೇಲೆ ಟೆಸ್ಟ್ ಮಾಡಿದ್ದು, ಅದೇ ವಾರ ಕೊರೊನಾ ಅಂತ ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ದಾರಿ ಬಂದ್. ನನ್ನ ಡಾಕ್ಟ್ರು ಮಂಗಳೂರಿನವರು. ಮಾತ್ರೆ ಕೈಗೆ ಸಿಕ್ಕಿದ್ದು ಹತ್ತನೇ ವಾರದಲ್ಲಿ. ಮಗುವಿನ ಮೆದುಳು, ಬೆನ್ನುಹುರಿ ಆಗುವ ನಾಳ ಗರ್ಭ ಕಟ್ಟಿದ 28 ದಿನದ ಒಳಗೆ ಮುಚ್ಚಿ ಆಗ್ತದೆ ಅಂತ ಆಮೇಲೆ ಗೊತ್ತಾಯ್ತು. ಅಂದ್ರೆ ನಾನು ಟೆಸ್ಟ್ ಮಾಡಿದ ದಿನಕ್ಕೇ ಆ ಕೆಲಸ ಮುಗಿದಿತ್ತು. 19ನೇ ವಾರ ಪಾಸ್ ಮಾಡಿಸಿ ಸ್ಕ್ಯಾನಿಂಗಿಗೆ ಹೋದೆವು. ತಲೆಬುರುಡೆ ಕೂಡಿಯೇ ಇಲ್ಲ ಅಂದ್ರು. ನಂಬದೆ ಇನ್ನೊಂದು ಕಡೆ ಮಾಡಿಸಿದೆವು. ಎರಡು ಸ್ಕ್ಯಾನ್ 5,200, ಕಾರಿಗೆ ಮೂರು ಸಲಕ್ಕೆ 7,200, ಆಸ್ಪತ್ರೆ ನಾಲ್ಕು ದಿನಕ್ಕೆ 31,000. ನನ್ನ ಎರಡು ಬಳೆ ಬ್ಯಾಂಕಿಗೆ ಹೋಯ್ತು, ಬಿಡಿಸಿದ್ದು 2023ರಲ್ಲಿ. ಎರಡನೆಯದಕ್ಕೆ ಮೂರು ತಿಂಗಳು ಮೊದಲೇ 5 ಮಿಲಿಗ್ರಾಂ ಬರೆದು ಕೊಟ್ರು. ಮಗನಿಗೆ ಈಗ ಮೂರು ವರ್ಷ. ಆ ಮಾತ್ರೆಯ ಒಂದು ಪಟ್ಟಿಗೆ ಒಂದು ಎಳನೀರಿನಷ್ಟೂ ಕ್ರಯ ಇಲ್ಲ. ಅದನ್ನು ನೆನೆಸಿದ್ರೆ ಈಗಲೂ ನಿದ್ದೆ ಬರುವುದಿಲ್ಲ.

ಗೇರುತೋಟದ ಪಕ್ಕದವ:
ನಮ್ಮ ಗುಡ್ಡೆಯ ಗೇರುತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿಯುವಾಗ ಯಾರು ಬಂದು ಯಾವ ಮಾತ್ರೆ ಕೊಟ್ಟಿದ್ರು? ನನ್ನ ತಮ್ಮನಿಗೆ 34 ವರ್ಷ. ಇವತ್ತಿಗೂ ಅಮ್ಮನೇ ತುತ್ತು ಮಾಡಿ ಉಣ್ಣಿಸಬೇಕು. ಅಮ್ಮನಿಗೆ ಈಗ 67. ಮಗುವಿಗೆ ಏನಾದ್ರೂ ಆದ್ರೆ ತಾಯಿ ಮಾತ್ರೆ ತಿನ್ನಲಿಲ್ಲ ಅಂತ ಹೇಳುವುದನ್ನು ನಾವು ಸಾಕಷ್ಟು ಕೇಳಿದ್ದೇವೆ.

ಪೆರ್ಲದ ಅಮ್ಮ:
ನಿಮ್ಮ ಅಮ್ಮನ ಬಗ್ಗೆ ನಾನು ಒಂದು ಶಬ್ದ ಹೇಳಿದ್ದೇನಾ ಅಣ್ಣ? ಸಿಂಪಡಣೆ ನಿಂತದ್ದು 2000ದಲ್ಲಿ. ನಾನು ಹೇಳಿದ್ದು ನನ್ನ ಹೊಟ್ಟೆಯ ಸಂಕಟ. ಅದನ್ನೂ ಹೇಳಬಾರದಾ?

ಮೂರು ಮಕ್ಕಳ ತಾಯಿ, ಬದಿಯಡ್ಕ:
ನಾನು ಒಂದು ಮಾತ್ರೆ ಮುಟ್ಟಲಿಲ್ಲ. ಹಿತ್ತಲ ಬಸಳೆ, ಹರಿವೆ, ನುಗ್ಗೆ ಸೊಪ್ಪು, ಅಲಸಂಡೆ ಪಲ್ಯ, ವಾರಕ್ಕೆ ಮೂರು ದಿನ ಹೆಸರುಕಾಳು. ಮೂರೂ ಮಕ್ಕಳು ಗುಂಡುಕಲ್ಲು. ಮೊದಲನೆಯವಳು ಈಗ ಪ್ಲಸ್ ಟು. ಮನೆಯಲ್ಲೇ ಇರುವುದನ್ನು ಬಿಟ್ಟು ಅಂಗಡಿಗೆ ಓಡುವುದು ನನಗೆ ಸರಿ ಕಾಣುವುದಿಲ್ಲ.

ನಿವೃತ್ತ ನರ್ಸ್, ಕುಂಬಳೆ:
ಬಸಳೆ ತಿನ್ನಿ, ಬೇಡ ಅನ್ನುವುದಿಲ್ಲ. ಆದ್ರೆ ಸೊಪ್ಪಿನಲ್ಲಿರುವ ಫೋಲೇಟ್ (ಮಾತ್ರೆಯಲ್ಲಿ ಇದ್ರೆ ಫೋಲಿಕ್ ಆಸಿಡ್) ಎಂಬ ಈ ವಿಟಮಿನ್ ನೀರಲ್ಲಿ ಕರಗ್ತದೆ, ಬೇಯಿಸಿದ್ರೆ ಒಂದಷ್ಟು ನಾಶ ಆಗ್ತದೆ. ನೀವು ಸೊಪ್ಪು ಬೇಯಿಸಿ ನೀರು ಬಸಿದು ಚೆಲ್ಲಿದ್ರೆ ಅದರ ಸಂಗಡ ಹೋಯ್ತು. ಮಾತ್ರೆ ತಿನ್ನದ ಹೆಚ್ಚಿನವರ ಮಕ್ಕಳೂ ಚೆನ್ನಾಗಿಯೇ ಹುಟ್ಟುತ್ತಾರೆ, ನಿಮ್ಮ ಮೂರು ಮಕ್ಕಳಿಂದ ಪೆರ್ಲದ ಅಕ್ಕನ ಮಗು ವಾಪಸ್ ಬರುವುದಿಲ್ಲ. ಮುಂಬೈಯ ಗಿರಣಿಗಳಲ್ಲಿ ದುಡಿಯುವ ಬಸುರಿಯರ ರಕ್ತಹೀನತೆ ನೋಡಲಿಕ್ಕೆ 1928ರಲ್ಲಿ ಲೂಸಿ ವಿಲ್ಸ್ ಎಂಬ ಡಾಕ್ಟರಮ್ಮ ಬಂದಿದ್ರು. ಯೀಸ್ಟಿನ ಸಾರ ಕೊಟ್ಟು ಗುಣ ಮಾಡಿದ್ರು. ಅದರಲ್ಲಿ ಇದ್ದದ್ದು ಇದೇ ಫೋಲೇಟ್. ಬ್ರಿಟನ್ನಿನವರು ನಡೆಸಿ 1991ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಮೊದಲು ಇಂಥ ಮಗು ಆದವರಿಗೆ ಗರ್ಭಕ್ಕೆ ಮೊದಲೇ 4 ಮಿಲಿಗ್ರಾಂ ಕೊಟ್ಟದ್ದಕ್ಕೆ ಮರುಕಳಿಸುವುದು ನೂರಕ್ಕೆ 72ರಷ್ಟು ಕಡಿಮೆ ಆಯ್ತು. ಪೂರ್ತಿ ನಿಲ್ಲಲಿಲ್ಲ, ಅದನ್ನೂ ಹೇಳ್ತೇನೆ.
ನನ್ನ ಸ್ವಂತ ತಂಗಿ ಅಪಸ್ಮಾರಕ್ಕೆ ವಾಲ್ಪ್ರೊಯೇಟ್ ತಿನ್ನುತ್ತಿದ್ದಳು. ಆ ಮಾತ್ರೆಯಿಂದ ಹುಟ್ಟುವ ಮಗುವಿಗೆ ಬೆನ್ನುಹುರಿಯ ತೊಂದರೆ ಹೆಚ್ಚು ಅಂತ ಯಾರೋ ಹೇಳಿದ್ದಕ್ಕೆ, ಯಾರಿಗೂ ಹೇಳದೆ ನಿಲ್ಲಿಸಿಬಿಟ್ಟಳು. ಬಚ್ಚಲಲ್ಲಿ ಫಿಟ್ಸ್ ಬಂದು ಬಿದ್ದು ಹಣೆಗೆ ಏಳು ಹೊಲಿಗೆ. ಮದ್ದು ಬದಲಿಸಿ, ಫೋಲಿಕ್ ಹೆಚ್ಚಿಸಿ, ಒಂದು ವರ್ಷ ಕಾದು ಆಮೇಲೆ ಮಗು. ನಾನು ನರ್ಸ್ ಆಗಿದ್ದೂ ಅವಳನ್ನು ಕೇಳಲಿಲ್ಲ.

ಮೂರು ಮಕ್ಕಳ ತಾಯಿ, ಬದಿಯಡ್ಕ:
ನೀರು ಚೆಲ್ಲುವವಳು ನಾನಲ್ಲ, ನಮ್ಮಲ್ಲಿ ಅದರದ್ದೇ ಸಾರು ಮಾಡುವುದು. ಒಬ್ಬರ ಮಗು ಹೋದದ್ದನ್ನು ತಂದು ನನ್ನ ಬಾಯಿ ಮುಚ್ಚಿಸುವುದು ಬೇಡ.

ಮುಳ್ಳೇರಿಯದ ಭಟ್ಟರ ಮನೆ:
ಶುದ್ಧ ಸಸ್ಯಾಹಾರಿಗಳು ಬಿ12 ಕೂಡ ನೋಡಿಸಿ. ನನ್ನ ಹೆಂಡತಿ ಬರೀ ಫೋಲಿಕ್ ತಿಂದು ರಕ್ತ ಸರಿ ಆಯ್ತು ಅಂತ ಕೂತಳು, ಪಾದದ ಜೋಮು ಹೋಗಲೇ ಇಲ್ಲ. ಒಳಗೆ ಬಿ12 ಕೊರತೆ ಅಡಗಿ ಕೂತಿತ್ತು. ಮತ್ತೆ, ಸಾದಾ ಫೋಲಿಕ್ ಯಾರೂ ತೆಗೊಳ್ಳಬೇಡಿ, ಜೀನ್ ವ್ಯತ್ಯಾಸ ಇದ್ದವರ ಮೈಗೆ ಅದು ಹಿಡಿಯುವುದಿಲ್ಲವಂತೆ. ನಾವು ಜೀನ್ ಟೆಸ್ಟಿಗೆ 6,500 ಕೊಟ್ಟು, ತಿಂಗಳಿಗೆ 420ರ ಮೀಥೈಲ್ ಫೋಲೇಟ್ ಎಂಬ ಅದರ ಬೇರೆ ರೂಪದ ಮಾತ್ರೆ 11 ತಿಂಗಳು ತೆಗೊಂಡೆವು.

ನಿವೃತ್ತ ನರ್ಸ್, ಕುಂಬಳೆ:
ಬಿ12 ವಿಷಯ ಒಪ್ಪಿದೆ. ಆದ್ರೆ ಆ ಜೀನ್ ವ್ಯತ್ಯಾಸ ಇದ್ದವರಿಗೂ ಸಾದಾ ಫೋಲಿಕ್ ಆಸಿಡ್ ಕೆಲಸ ಮಾಡ್ತದೆ ಭಟ್ರೆ. ನಾಳದ ತೊಂದರೆ ತಡೆಯುತ್ತದೆ ಅಂತ ಪರೀಕ್ಷಿಸಿ ಸಾಬೀತಾದದ್ದೇ ಅದು. ನಿಮ್ಮ ದುಡ್ಡು ಸುಮ್ಮನೆ ಹೋಯ್ತು.

ಮುಳ್ಳೇರಿಯದ ಭಟ್ಟರ ಮನೆ:
ಸುಮ್ಮನೆ ಹೋಗಲಿಲ್ಲ. ಎರಡು ಸಲ ನಿಲ್ಲದೆ ಹೋಗಿತ್ತು ನಮಗೆ. ಮೂರನೆಯದು ನಿಂತಿತು. ಯಾವುದರಿಂದ ನಿಂತಿತು ಅಂತ ನೀವು ಹೇಳಬೇಡಿ.

ಪೆರ್ಲದ ಅಮ್ಮ:
ಉಪ್ಪಳದ ತಂಗಿ, ನಿನಗೆ ಮೊದಲು ಇಂಥದ್ದು ಆದದ್ದಿಲ್ಲ, ಫಿಟ್ಸಿನ, ಸಕ್ಕರೆಯ ಮದ್ದೂ ಇಲ್ಲ ಅಂತಾದ್ರೆ ಆಶಾ ಅಕ್ಕ ಹೇಳಿದ 400 ಸಾಕು. ಡಾಕ್ಟ್ರತ್ರ ಒಂದು ಮಾತು ಕೇಳು, ಆದ್ರೆ ಗಂಡ ಬರುವ ತನಕ ಕಾಯಬೇಡ. ಅತ್ತೆಗೆ ಬೇಕಾದ್ರೆ ನಾನು ಫೋನ್ ಮಾಡಿ ಮಾತಾಡ್ತೇನೆ.